ಎಡಗೈಯ ಹುರಿ

ನೆನೆದ ನಾರಿನ ವಾಸನೆ, ತೊಳೆದ ಕೈಯಲ್ಲೂ ಅದೇ, ಸೆರಗಿನಲ್ಲೂ ಅದೇ — ಬಸ್ಸು ಬಂತೇ, ಇಲ್ಲ, ಅದು ತೆಂಗಿನಕಾಯಿ ಲಾರಿ, ಹೊಳೆನರಸೀಪುರದ ಕಡೆ ಹೋಗುವುದು, ಹಾಸನದ ಬಸ್ಸಿಗೆ ಇನ್ನೂ ಹೊತ್ತಿದೆ, ಅದರಿಂದಿಳಿದು ನಮ್ಮ ನಾರಿನ ಸಂಘದ ಕಾರ್ಯದರ್ಶಿ ಪಂಚಾಕ್ಷರಯ್ಯನವರು ಬರುತ್ತಾರೆ, ನಾನು ಹಗ್ಗ ಹೊಸೆಯಲು ಕಲಿಸುವ ಈ ಕೊಠಡಿಯ ಹೊಸಿಲು ದಾಟುತ್ತಾರೆ, ಹೊಸಿಲ ಮುಂದೆ ಕಲ್ಲಮ್ಮನ ಹಗ್ಗದ ಕಾಲೊರಸು, ಅದರ ಮೂಲೆಗಳು ನೆಲಕ್ಕೆ ಅಂಟಿವೆಯೇ, ಈಗಷ್ಟೇ ನೋಡಿದೆ, ಅಂಟಿವೆ, ಮತ್ತೆ ನೋಡುತ್ತೇನೆ. ಹೋದ ಸಲ ಅವರು ಎಡವಿದ್ದು ನಮ್ಮ ಕಾಲೊರಸಿಗೇ, ಮೂಲೆ ಒಣಗಿದ ಮುತ್ತುಗದ ಎಲೆಯ ಹಾಗೆ ಮುದುರಿ ಎದ್ದಿತ್ತು, ಗೋಡೆ ಹಿಡಿದುಕೊಂಡು, ಏನ್ ಪಾರ್ವತಮ್ಮ, ನನ್ನ ಸೊಂಟ ಮುರಿಯೋಕೇ ಇವ್ರಿಗೆಲ್ಲ ಕೆಲಸ ಕಲಿಸ್ತಿದ್ದೀರಾ ಅಂದರು, ಎಲ್ಲರೂ ನಕ್ಕರು, ಕಲ್ಲಮ್ಮನದೇ ಜೋರು, ಶುರುವಾದ ನಗುವನ್ನು ನಿಲ್ಲಿಸುವುದು ಅವಳಿಗೆ ತಿಳಿಯದು, ಅವರ ಕಣ್ಣು ಅವಳ ಕೈಯ ಹಗ್ಗದ ಮೇಲೆ ಬಿದ್ದದ್ದು ಆಗಲೇ — ಇದೇನಮ್ಮ, ಎಡಕ್ಕೆ ತಿರುಚಿದ್ದು, ಎಡಹುರಿ ಅಲ್ವಾ, ಎಡಹುರಿ ಚಟ್ಟ ಕಟ್ಟೋಕೆ, ಬಾವಿಗೆ ಯಾರು ಹಾಕ್ತಾರೆ, ಹಸುವಿಗೆ ಯಾರು ಕಟ್ತಾರೆ, ಮುಂದಿನ ಸಲ ಬರೋ ಹೊತ್ತಿಗೆ ಇವಳ ಹಗ್ಗದಲ್ಲಿ ಒಂದು ಒಳ್ಳೇ ಕಾಲೊರಸು ಮಾಡಿ ತೋರ್ಸಿ, ಇಲ್ಲಾಂದ್ರೆ ಇವಳ ಜಾಗ ಬೇರೆಯವರಿಗೆ.

ಬೇರೆಯವರಿಗೆ ಅಂದರೆ ಕಲ್ಲಮ್ಮ ಮತ್ತೆ ಮುಚ್ಚಿದ ಬಾಗಿಲ ಒಳಗೆ. ತಾಯಿ ಮಾದಮ್ಮ ಕೂಲಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದಳು, ಮೈ ಬೆಳೆದಿದೆ, ಬುದ್ಧಿ ಮಗುವಿನದು, ಏನ್ ಮಾಡ್ಲವ್ವ, ಕೆರೆ ಕಡೀಕ್ ಓಗ್ಬುಡ್ತಾಳೆ ಕಣವ್ವ ಅಂತ ನನ್ನ ಮುಂದೆ ಅತ್ತಿದ್ದಳು. ನಾನಾದರೂ ಕಲಿಸುವುದಕ್ಕೆ ಯಾರು, ಸಂಜೆ ಶಾಲೆಯಲ್ಲಿ ಲಾಟೀನಿನ ಬೆಳಕಿಗೆ ಅಕ್ಷರ ತಿದ್ದಿದವಳು, ಇಂಥವರಿಗೆ ಹೇಗೆ ಕಲಿಸಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ, ಏನೋ ತಪ್ಪು ಮಾಡುತ್ತಿದ್ದೇನೆಂಬ ಭಯ ಒಂದು ದಿನವೂ ಬಿಟ್ಟಿಲ್ಲ. ಬಲಗೈ ಮುಂದಕ್ಕೆ ತಳ್ಳು ಕಲ್ಲಮ್ಮ, ಅಂಗಲ್ಲ, ಇಂಗೆ — ಅವಳು ತಳ್ಳುವುದು ಎಡಗೈಯನ್ನೇ, ಹಿಡಿದು ತಿದ್ದಿದರೆ ನಾರು ಬಿಸಾಡಿ ಗೋಡೆಗೆ ಮುಖಮಾಡಿ ಕೂರುವಳು. ಕೊನೆಗೆ ತಿದ್ದುವುದನ್ನೇ ಬಿಟ್ಟೆ, ಪಕ್ಕದಲ್ಲಿ ಕೂತು ನಾನೂ ಎಡಗೈಯಲ್ಲಿ ಹೊಸೆದೆ, ನನ್ನದು ಗಂಟುಗಂಟು, ಅವಳದು ಹಾವಿನ ಮೈಯಂತೆ ನುಣುಪು, ಅಯ್ಯೋ ಅಕ್ಕ, ನಿಂಗ್ ಬರಾಕಿಲ್ಲ ಕಣ, ತತ್ತಾ ಇಲ್ಲಿ ಅಂತ ನಾರು ಕಿತ್ತುಕೊಂಡಳು, ಅವತ್ತು ಮನೆಯ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಹೋದೆ, ನೋಡಿದವರು ಏನೆಂದುಕೊಂಡರೋ.

ಈ ಕಾಲೊರಸು ಹೊಲಿಯುವಾಗಲೂ ಅವಳದೇ ಹಟ, ನಿಂದೊಂದು ನಂದೊಂದು ಅಕ್ಕ, ಜೊತೇಲ್ ಮಲಗ್ಲಿ, ನನ್ನ ಬಲಹುರಿಯ ಪಕ್ಕ ಅವಳ ಎಡಹುರಿ, ಮತ್ತೆ ನನ್ನದು, ಮತ್ತೆ ಅವಳದು, ಆಮೇಲೆ ಬಿಚ್ಚಿದರಾಯಿತು ಅಂತ ಹೊಲಿದೆ, ಮುಗಿದಾಗ ಜಡೆ ಹೆಣೆದಂತೆ ಕಂಡಿತು. ನೀರು ಚಿಮುಕಿಸಿ ಬಿಸಿಲಿಗೆ ಹಾಕಿದೆ, ಎಲ್ಲ ಕಾಲೊರಸೂ ಏಳುವುದು ಒಣಗುವಾಗಲೇ, ಇದು ಏಳಲಿಲ್ಲ, ನನ್ನದು ಒಂದು ಕಡೆ ತಿರುಚಿದರೆ ಅವಳದು ಇನ್ನೊಂದು ಕಡೆ, ಯಾರೂ ಗೆಲ್ಲದೆ ಎರಡೂ ಸುಮ್ಮನೆ ಮಲಗಿದವು, ಅವಳ ಹಗ್ಗವಿಲ್ಲದೆ ನನ್ನ ಹಗ್ಗ ನೆಲ ಹಿಡಿಯುವುದಿಲ್ಲ, ಇಷ್ಟು ದಿನ ನಾನು ತಿದ್ದಲು ಹೋದದ್ದು ಇದನ್ನೇ — ಬಸ್ಸು, ಹಾರನ್ನು, ಇದು ಹಾಸನದ್ದೇ.

ಛತ್ರಿ ಮಡಿಸುತ್ತಾ ಪಂಚಾಕ್ಷರಯ್ಯನವರು, ಹೊಸಿಲ ಮುಂದೆ ನಿಂತರು, ಹೋದ ಸಲದ ನೆನಪು, ಕಾಲು ಇಡಲಿಲ್ಲ, ಛತ್ರಿಯ ತುದಿಯಿಂದ ಮೂಲೆಯನ್ನು ಎತ್ತಿದರು, ಬಿಟ್ಟರು, ಅದು ತಣ್ಣಗೆ ನೆಲಕ್ಕೆ ಬಿತ್ತು. ಯಾರು ಹೊಸೆದಿದ್ದು ಇದು. ನಾನ್ ಕಣ್ಲಾ — ಅಯ್ಯೋ ಶಿವನೇ, ಕಲ್ಲಮ್ಮ, ದೊಡ್ಡವರಿಗೆ ಲಾ ಅನ್ನಬಾರದು ಅಂತ ಎಷ್ಟು ಸಲ ಹೇಳಿದ್ದೇನೆ, ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಯ್ತು ತಾಯಿ, ನೀನೇ, ಇಂಥವು ಇನ್ನೂ ಬೇಕು ಪಾರ್ವತಮ್ಮ, ಈ ಎಡಗೈಯವಳನ್ನ ಬಿಟ್ಟು ಹೆಂಗೆ ಮಾಡ್ತೀರಿ, ಜಾಗ ಇವಳದೇ ಇರಲಿ, ಇನ್ನೂ ಏನೇನೋ ಅನ್ನುತ್ತಿದ್ದಾರೆ, ಉತ್ತರ ಹೇಳಬೇಕು, ನನ್ನ ಕಣ್ಣು ಅಲ್ಲೇ, ಚಪ್ಪಲಿ ಬಿಟ್ಟು ಅವರು ಇಟ್ಟ ಪಾದ, ಪಾದದ ಆಚೆ ಆ ಮೂಲೆ, ನೆಲಕ್ಕೆ ಅಂಟಿದ ಮೂಲೆ, ಏಳುವುದಿಲ್ಲ, ನೋಡು, ಏಳುವುದಿಲ್ಲ.