ಹೇಳದೆ ಉಳಿಸಿದ ಹೆಸರು

ಡಾಕ್ಟರ್ ಧಾರಿಣಿ ಕಂಪ್ಯೂಟರಿನ ಪರದೆಯನ್ನು ಈಚೆಗೆ ತಿರುಗಿಸುವ ಹೊತ್ತಿಗೆ ಸರಿಯಾಗಿ ಸರಳಾಳಿಗೆ ಬಿಕ್ಕಳಿಕೆ ಶುರುವಾಯಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮನಸ್ಸಿನಲ್ಲೇ ಹೆಸರುಗಳನ್ನು ಹೇಳಿಕೊಂಡಳು. ಮೈಸೂರಿನ ಅಕ್ಕ. ಆಫೀಸಿನ ಹಂಸಾ. ಪಕ್ಕದ ಫ್ಲಾಟಿನ ವಿಜಯಮ್ಮ. ಅವರಂತೂ ಹೊರಗೆ ಬೆಂಚಿನ ಮೇಲೇ ಕೂತಿದ್ದಾರೆ, ನೆನೆಸಿಕೊಳ್ಳದೆ ಇನ್ನೇನು ಮಾಡುತ್ತಾರೆ. ಬಿಕ್ಕಳಿಕೆ ನಿಲ್ಲಲಿಲ್ಲ.

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದರ್ಥ. ಯಾರ ಹೆಸರು ಹೇಳಿದಾಗ ನಿಲ್ಲುತ್ತದೋ ಅವರೇ. ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿ ನೋಡಿ ಕನ್ನಡಕ ದಪ್ಪವಾದ ಹೆಂಗಸು ಇದನ್ನು ನಂಬುವುದೇ ಎಂದು ಯಾರಾದರೂ ನಗಬಹುದು. ನಗಲಿ. ಮಗಳು ಗಾನವಿ ತಾನು ಮೆಚ್ಚಿದವನನ್ನೇ ಮದುವೆಯಾಗುತ್ತೇನೆಂದು ನಿಂತಾಗ, "ಹೋಗು, ಇನ್ನು ನನ್ನನ್ನ ನೆನೆಸಿಕೊಳ್ಳಲೂ ಬೇಡ" ಎಂದವಳು ಇವಳೇ. ಅಮ್ಮನ ಬೇರೆ ಯಾವ ಮಾತನ್ನೂ ಕೇಳದ ಹುಡುಗಿ ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದಳು. ಫೋನಿಲ್ಲ, ಹಬ್ಬವಿಲ್ಲ. ಆಮೇಲೆ ದೆಹಲಿಯ ವಸಂತ್ ಕುಂಜ್‌ನ ತನ್ನ ಫ್ಲಾಟಿನಲ್ಲಿ, ಊಟದ ಹೊತ್ತಿಗೆ ಬರುತ್ತಿದ್ದ ಬಿಕ್ಕಳಿಕೆಯೊಂದೇ ಸರಳಾಳಿಗೆ ಮಗಳ ಕಡೆಯ ಸುದ್ದಿ. ಆದರೂ ಆ ಹೆಸರನ್ನು ಆಕೆ ಎಂದೂ ಹೇಳಿ ನೋಡಿರಲಿಲ್ಲ. ಹೇಳಿಯೂ ನಿಲ್ಲದೆ ಹೋದರೆ? ಸರದಿ ಅಲ್ಲಿಗೆ ಬರುವ ಮೊದಲೇ ಗಟಗಟ ನೀರು ಕುಡಿದುಬಿಡುತ್ತಿದ್ದಳು. ಕೊನೆಗೆ ವಿಜಯಮ್ಮನೇ, "ಇಷ್ಟು ದಿನ ಬಿಕ್ಕಳಿಸೋರನ್ನ ನಾನೆಲ್ಲೂ ಕಂಡಿಲ್ಲ, ಚಲೋ, ಹೋಗೋಣ" ಎಂದು ಎಬ್ಬಿಸಿಕೊಂಡು ಆಸ್ಪತ್ರೆಗೆ ಬಂದಿದ್ದರು.

"ನೋಡಿ ಆಂಟಿ, ಅವತ್ತು ಗಂಟಲಿಂದ ಪೈಪ್ ಇಳಿಸಿದಾಗ ಒಳಗೆ ಅಯೋಡಿನ್ ಸ್ಪ್ರೇ ಮಾಡಿದ್ವಿ," ಎಂದಳು ಧಾರಿಣಿ. ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ, ಹೆಚ್ಚುಕಡಿಮೆ ಗಾನವಿಯ ವಯಸ್ಸು. "ಚೆನ್ನಾಗಿರೋ ಜಾಗ ಎಲ್ಲ ಬ್ರೌನ್ ಆಗುತ್ತೆ. ಇಲ್ಲಿ ಮಾತ್ರ ಕಲರ್ ಹತ್ತಿಲ್ಲ."

ಕಂದುಬಣ್ಣದ ಅನ್ನನಾಳದಲ್ಲಿ ಉಗುರಿನಷ್ಟು ಜಾಗ ಬಿಳಿಚಿಕೊಂಡು ಉಳಿದಿತ್ತು. ಹೋದ ವರ್ಷ ಎದೆಯುರಿ ಎಂದು ಬೇರೆಲ್ಲೋ ಹೋದಾಗ ಕೊಳವೆ ಇಳಿಸಿದ್ದೂ ತೆಗೆದದ್ದೂ ಗೊತ್ತಾಗಿರಲಿಲ್ಲ, ಎಲ್ಲ ಸರಿಯಿದೆ ಅಂದಿದ್ದರು. ಧಾರಿಣಿಯದು ಬೇರೆ ರೀತಿ. ಮೊದಲು ತೊಳೆದು, ಬಣ್ಣ ಹಾಕಿ, ಆಮೇಲೆ ಕೊಳವೆಯನ್ನು ನಿಧಾನವಾಗಿ ಹಿಂದಕ್ಕೆಳೆಯುತ್ತ, ಗುಡಿಸಿದ ಮೇಲೂ ಮೂಲೆಗಳನ್ನು ಬಗ್ಗಿ ನೋಡುವವರ ಹಾಗೆ ನೋಡಿದ್ದಳು.

"ಬಯಾಪ್ಸಿ ರಿಪೋರ್ಟ್ ಬಂದಿದೆ. ಕ್ಯಾನ್ಸರೇ. ಆದ್ರೆ ಏಕ್‌ದಮ್ ಶುರು, ಮೇಲಿನ ಪದರದಲ್ಲೇ ಇದೆ. ಇದೇ ಪೈಪ್‌ನಿಂದಾನೇ ತೆಗೀಬಹುದು, ಹೊರಗಿಂದ ಕೊಯ್ಯೋದಿಲ್ಲ. ನೀವು ಹೇಳಿದ್ರಲ್ಲ, ಆ ಕುದಿಯೋ ಕಾಫಿ ಮಾತ್ರ ಇನ್ಮೇಲೆ ಬೇಡ."

ಸರಳಾಳ ಬಾಯಿಗೆ ಬಂದ ಪ್ರಶ್ನೆಯೇ ಬೇರೆ. "ಅದನ್ನ ತೆಗೆದ್ರೆ ಬಿಕ್ಕಳಿಕೆ ನಿಂತುಹೋಗುತ್ತಾ?"

ಇಷ್ಟು ದಿನ ಬಿಕ್ಕಳಿಕೆ ತರಿಸಿದ್ದು ಆ ಬಿಳಿಚಿದ ಕಲೆಯೇ, ಮಗಳಲ್ಲವೇ? ಕ್ಯಾನ್ಸರ್ ಎಂಬ ಮಾತಿಗಿಂತ ಇದೇ ಹೆಚ್ಚು ಸಂಕಟವಾಯಿತು.

"ಇಲ್ಲ ಆಂಟಿ. ಇಷ್ಟು ಚಿಕ್ಕದಕ್ಕೆ ಬಿಕ್ಕಳಿಕೆ ಬರಲ್ಲ. ಶುರುವಿನಲ್ಲಿ ಇದು ಸುಳಿವೇ ಕೊಡಲ್ಲ. ನೀವು ಬಿಕ್ಕಳಿಕೆ ಅಂತ ಬಂದ್ರಲ್ಲ, ಅದಕ್ಕೇ ಸಿಕ್ತು."

"ಮತ್ತೆ ಬಿಕ್ಕಳಿಕೆ ಯಾಕೆ?"

"ಅದು ನಮಗೂ ಗೊತ್ತಾಗ್ಲಿಲ್ಲ."

ಸರಳಾ ತಲೆ ತಗ್ಗಿಸಿದಳು. ನಗು ಉಕ್ಕಿ ಬರುತ್ತಿತ್ತು. ಕ್ಯಾನ್ಸರ್ ಎಂದು ಹೇಳಿಸಿಕೊಂಡು ನಗುವುದು ಹೇಗೆಂದು ಸೆರಗನ್ನು ಇನ್ನಷ್ಟು ಒತ್ತಿ ಹಿಡಿದಳು.

"ಅಡ್ಮಿಟ್ ಆದಾಗ ಜೊತೆಗೆ ಯಾರಿರ್ತಾರೆ? ಮಕ್ಕಳು?"

"ಒಬ್ಬಳು ಮಗಳು. ಗುರುಗ್ರಾಮದಲ್ಲಿದ್ದಾಳೆ."

"ಅಚ್ಛಾ, ಹತ್ರಾನೇ ಇದ್ದಾರೆ."

"ಹೂಂ," ಎಂದಳು ಸರಳಾ. "ಹತ್ರಾನೇ."

ಹೊರಗೆ ಬಂದಾಗಲೂ ಬಿಕ್ಕಳಿಕೆ ನಿಂತಿರಲಿಲ್ಲ. ವಿಜಯಮ್ಮ ಗಾಬರಿಯಿಂದ ಎದ್ದು, "ಮೊದಲು ನೀರು ಕುಡೀರಿ, ಆಮೇಲೆ ಹೇಳೀರಂತೆ" ಎಂದು ಬಾಟಲಿ ಕೊಟ್ಟರು. ಸರಳಾ ಬೆಂಚಿನ ಮೇಲೆ ಕೂತು ಮುಚ್ಚಳ ತಿರುಗಿಸಿದಳು. ಬಾಯಿಯ ತನಕ ತಂದವಳು ಮತ್ತೆ ಮುಚ್ಚಳ ಹಾಕಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಗಾನವಿ," ಎಂದಳು, ಪಕ್ಕದವರಿಗೂ ಕೇಳುವಷ್ಟು ಜೋರಾಗಿ.

ವಿಜಯಮ್ಮ ತಿರುಗಿ ನೋಡಿದರು. ಸರಳಾ ಎದೆಯ ಮೇಲೆ ಅಂಗೈಯಿಟ್ಟುಕೊಂಡು, ಉಸಿರು ಬಿಡದೆ ಕಾಯುತ್ತ ಕೂತಿದ್ದಳು.