ಮೂರನೆಯ ಕೂಗು

ಮೊಳಕಾಲ್ಮೂರಿನ ಮೈಕ್ ಸೆಟ್ ರಾಜಣ್ಣ ತನ್ನ ಹಳೆಯ ಹಾಡಿನ ಪ್ಲೇಟುಗಳನ್ನೆಲ್ಲ ಗುಜರಿಗೆ ಹಾಕಲು ಹೊರಟ ವರ್ಷ, ಅವನ ಅಂಗಡಿಯ ಮೂಲೆಯಲ್ಲಿ ಬೋರಣ್ಣನಿಗೆ ಅವ್ವ ಸಿಕ್ಕಳು.

ಸಿಕ್ಕದ್ದು ಒಂದು ಪ್ಲೇಟಿನ ಹೊದಿಕೆಯ ಫೋಟೋದಲ್ಲಿ. ಜಾಲಿಮುಳ್ಳಿನ ಕುರಿಹಟ್ಟಿ, ಹೆಗಲ ಮೇಲೆ ಕಂಬಳಿ, ಬಿಸಿಲಿಗೆ ಕಿರಿದಾದ ಕಣ್ಣು. ಹಾಡು ಸಂಗ್ರಹಿಸಿದ ದೊಡ್ಡಮನುಷ್ಯರ ಹೆಸರು ಹೊದಿಕೆಯ ನೆತ್ತಿಯ ಮೇಲೆ ಬಂಗಾರದ ಬಣ್ಣದಲ್ಲಿತ್ತು. ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ಹಾಡಿದವರು: ಒಬ್ಬ ಕುರಿಗಾಹಿ ಹೆಂಗಸು'. ಹಿಂಡಿನ ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುತ್ತಿದ್ದವಳಿಗೆ ಹೆಸರೇ ಇರಲಿಲ್ಲ.

ಬೋರಣ್ಣ ರಾಜಣ್ಣನ ಜೇಬಿನಿಂದ ಪೆನ್ನು ಎಳೆದುಕೊಂಡು ಆ ಸಾಲಿನ ಮೇಲೆ ಒತ್ತಿ ಬರೆದ: ಪಾಲಮ್ಮ, ಕೊಂಡ್ಲಹಳ್ಳಿ.

"ಲೇ ಲೇ, ಇನ್ನೂ ವ್ಯಾಪಾರ ಕುದುರಿಲ್ಲ, ಆಗಲೇ ಹೆಸರು ಹಾಕ್ಕಂತೀಯಾ?"

"ನಮ್ಮವ್ವ ಕಣಣ್ಣ ಇದು."

ರಾಜಣ್ಣ ಹೊದಿಕೆಯನ್ನೂ ಅವನ ಮುಖವನ್ನೂ ನೋಡಿದ. ಆಮೇಲೆ ಧೂಳು ಹಿಡಿದ ಪ್ಲೇಯರನ್ನೇ ಎತ್ತಿ ಮುಂದಿಟ್ಟ. "ಇದ್ನೂ ತಗಂಡೋಗು ಮಾರಾಯ. ಫಾರಿನ್ನದು. ಕ್ಯಾಸೆಟ್ ಬಂದ್ಮ್ಯಾಲೆ ಇದರ ಮುಖ ನೋಡೋರಿಲ್ಲ. ಪುಗಸಟ್ಟೆ ಅಲ್ಲ ಮತ್ತೆ, ಒಂದು ಮೂಟೆ ಕಡ್ಲೆಕಾಯಿ ಕಳಿಸು."

ಅವ್ವನ ಹಾಡು ಟೇಪು ಮಾಡಿಕೊಂಡು ಜೀಪಿನಲ್ಲಿ ಬಂದಿದ್ದ ಆ ಸಂಗ್ರಹದವರು ಹೋದ ಮರುಬೇಸಗೆಯಲ್ಲೇ ಅವಳು ಸತ್ತಳು. ಊರಿನ ಯಜಮಾನನೊಬ್ಬನ ಹೊಸ ಬಾವಿ. ಮಣ್ಣು ಸಡಿಲ, ಆಸರೆಗೆ ಒಂದು ಮರದ ತುಂಡನ್ನೂ ಕೊಡಿಸಿರಲಿಲ್ಲ. ಮಟಮಟ ಮಧ್ಯಾಹ್ನ ಕೂಲಿಯವರೆಲ್ಲ ಉಣ್ಣಲು ಹೋದಾಗ, ಇನ್ನೊಂದು ಪುಟ್ಟಿ ಮಣ್ಣು ತುಂಬಿಟ್ಟು ಹೋಗು ಎಂದು ಮೇಸ್ತ್ರಿ ಅವಳೊಬ್ಬಳನ್ನು ಒಳಗಿಳಿಸಿದ. ಒಂಬತ್ತು ವರ್ಷದ ಬೋರ ಹೊಂಗೆಯ ನೆರಳಲ್ಲಿ ಅಂಬಲಿಯ ಗಡಿಗೆ ಹಿಡಿದು ಕೂತಿದ್ದ. ಬಾವಿಯ ಕಡೆಯಿಂದ ಒಂದು ಕೂಗು ಬಂತು. "ಬೋರಾ!"

ಒಂದೇ ಕೂಗು.

ಅವ್ವನೇ ಕಲಿಸಿದ್ದಳು. "ನಡು ಮಧ್ಯಾಹ್ನದಾಗ ಯಾರಾನ ಕೂಗಿದ್ರೆ ತಟ್ಟಂತ ಓ ಅನ್ಬ್ಯಾಡ ಮಗ. ಗಾಳಿ-ದೆವ್ವ ಆದ್ರೆ ಒಂದೇ ಸಲ ಕೂಗೋದು. ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ." ಬೋರ ಎರಡನೆಯದಕ್ಕೆ ಕಾದ. ಅಂಬಲಿಯ ಮೇಲೆ ನೊಣ ಕೂತಿತು, ಓಡಿಸಿದ. ಎರಡನೆಯದು ಬರಲಿಲ್ಲ. ಕುಸಿದ ಮಣ್ಣೊಳಗಿದ್ದವಳ ಎದೆಯಲ್ಲಿ ಒಂದು ಕೂಗಿಗಾಗುವಷ್ಟೇ ಉಸಿರಿತ್ತು.

ಪೊಲೀಸರು 'ಆಕಸ್ಮಿಕ' ಎಂದು ಬರೆದುಕೊಂಡು, ಯಜಮಾನನ ಮನೆಯಲ್ಲಿ ಉಂಡು ಹೋದರು. ಆಸರೆ ಯಾಕೆ ಕೊಡಿಸಲಿಲ್ಲ ಎಂದು ಯಜಮಾನನನ್ನು ಯಾರೂ ಕೇಳಲಿಲ್ಲ. ಯಾಕೆ ಓಗೊಡಲಿಲ್ಲ ಎಂದು ಹುಡುಗ ತನ್ನನ್ನೇ ಕೇಳಿಕೊಂಡ. ಇಪ್ಪತ್ತಾರು ವರ್ಷ ಕೇಳಿಕೊಂಡ. ಬಾವಿ ತೋಡಿಸಿದವನ ಪಾಪ ಹೊರಲು ಅಂಬಲಿ ಹೊತ್ತ ಮಗುವಿನ ಹೆಗಲೇ ಬೇಕಿತ್ತು. ಈಗ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವ ಬೋರಣ್ಣ ಇದನ್ನು ಹೆಂಡತಿ ಮಂಜಮ್ಮನಿಗೂ ಹೇಳಿರಲಿಲ್ಲ.

ಮನೆಯ ಟೇಪ್‌ರೆಕಾರ್ಡರಿಗೆ ಪ್ಲೇಯರನ್ನು ಸಿಕ್ಕಿಸಿದರೆ ಅವ್ವ ಸೊಳ್ಳೆಯಂತೆ ಗುಂಯ್‌ಗುಟ್ಟಿದಳು, ಅಷ್ಟೇ. ಅವನು ರೇಡಿಯೋ ರಿಪೇರಿಯ ಹನುಮಂತರಾಯನ ಹತ್ತಿರ ಓಡಿದ.

"ಇದರ ಸೂಜಿ ಅಯಸ್ಕಾಂತದ್ದು ಕಣಲೇ. ಗೊಣಗ್ತದೆ, ಮಾತಾಡಲ್ಲ," ಎಂದ ಮುದುಕ. "ಮಧ್ಯೆ ಒಂದು ಡಬ್ಬಿ ಬೇಕು. ಫೋನೋ ಸ್ಟೇಜು ಅಂತಾರೆ. ಪ್ಲೇಟು ಕೆತ್ತೋವಾಗ ದಪ್ಪ ದನಿ ತಗ್ಗಿಸಿ ಸಣ್ಣ ದನಿ ಏರಿಸಿರ್ತಾರೆ. ಈ ಡಬ್ಬಿ ಅದನ್ನ ತಿರುಗಾ ಸರಿ ಮಾಡಿ, ಜೋರು ಮಾಡಿ ಕೊಡ್ತದೆ. ನೋಡು, ಆ ಜಪಾನಿ ಆಂಪ್ಲಿಫೈಯರಿನಾಗೆ ಎಲ್ಲ ಒಳಗೇ ಐತೆ. ನಿನ್ನ ಎರಡು ತಿಂಗಳ ಕೂಲಿ."

"ಮುಂದಿಂದು ಹೇಳಣ್ಣ."

"ಇದು ಬೆಂಗಳೂರಿನ ಕಿಟ್ಟು, ಬಿಡಿ ಸಾಮಾನು ತರಿಸಿ ಜೋಡ್ಸಿದ್ದು. ಅಗ್ಗ. ಕರೆಂಟಿನ ಮ್ಯಾಲೆ ನಡೀತದೆ, ಅದಕ್ಕೇ ಒಂಚೂರು ಹಮ್ಮು, ಹೂಂ ಅನ್ನೋ ಸದ್ದು." ಮುದುಕ ಬೆಂಚಿನ ಕೆಳಗಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದ. ಒಳಗೆ ನಾಲ್ಕು ಬೆರಳಗಲದ ಹಲಗೆ, ಎರಡು ಬ್ಯಾಟರಿ. "ಇದು ನಾನೇ ಕೂತು ಮಾಡಿದ್ದು. ಕಿಟ್ಟಿಗಿಂತ ಒಂದಿಷ್ಟು ಜಾಸ್ತಿ ಬೀಳ್ತದೆ. ಆದ್ರೆ ಕರೆಂಟಿನ ಸೋಂಕಿಲ್ಲ. ಎಷ್ಟು ನಿಶ್ಶಬ್ದ ಅಂದ್ರೆ, ಮುಂದೆ ಬರೋ ದನಿ ಒಂದು ಸುತ್ತು ಮೊದ್ಲೇ ಸಣ್ಣಗೆ ಕೇಳಿಸಿಬಿಡ್ತದೆ. ಪ್ಲೇಟಿನ ಗೆರೆಗಳು ಒತ್ತೊತ್ತಾಗಿರ್ತವಲ್ಲ, ಎರಡು ಮನೆಗೆ ಒಂದೇ ಗೋಡೆ ಇದ್ದಂಗೆ. ಪಕ್ಕದ ಮನೆ ಮಾತು ಇತ್ಲಾಗೂ ಇಣುಕ್ತದೆ. ದೆವ್ವ ಅಂತ ಹೆದ್ರಿ ವಾಪಸ್ ತರಬ್ಯಾಡ ಮತ್ತೆ! ಎರಡೂ ತಗಂಡೋಗು. ಸೋಮವಾರ ಒಂದು ತಂದುಕೊಡು."

ಭಾನುವಾರ ಮಿಲ್ಲಿಗೆ ರಜೆ. ನಡು ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಮಂಜಮ್ಮ ಬಾಗಿಲ ಬಳಿ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಬೋರಣ್ಣ ಮೊದಲು ಕಿಟ್ಟನ್ನು ಸಿಕ್ಕಿಸಿದ.

ಹಾಡು ಬಂತು. ಅದರ ಬೆನ್ನಿಗೇ ಮಿಲ್ಲಿನ ಮೋಟಾರಿನಂಥ ಹಮ್ಮೂ ಬಂತು. ಮಿಲ್ಲಿನ ಗೋಡೆಯಾಚೆ ನಿಂತು ಅವ್ವ ಹಾಡಿದಂತಿತ್ತು. ಹಾಡು ಮುಗಿಯಿತು. ಒಂದು ಕುರಿಯ ಕೊರಳಗಂಟೆ ಅಲ್ಲಾಡಿತು. ಹಮ್ಮನ್ನು ಸೀಳಿಕೊಂಡು ಒಮ್ಮೆಲೇ,

"ಬೋರಾ!"

ಬೋರಣ್ಣನ ಮೈ ಕಲ್ಲಾಯಿತು. ಟೇಪು ಮಾಡುವಾಗ ಅವ್ವ ತನ್ನನ್ನು ಕೂಗಿದ್ದು ಅವನಿಗೆ ನೆನಪೇ ಇರಲಿಲ್ಲ. ಹೊದಿಕೆಯ ಬೆನ್ನಲ್ಲಿ ಅದಕ್ಕೊಂದು ಹೆಸರಿತ್ತು: 'ಸಹಜ ಪರಿಸರದ ಶಬ್ದಗಳು'.

"ಅತ್ತೆ ಕರೀತಾವ್ರೆ, ಓ ಅನ್ಬಾರದಾ?" ಮಂಜಮ್ಮ ನಕ್ಕಳು. ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕ್ರೀ?"

"ಒಂದೇ ಸಲ ಕೂಗಿದ್ಲು," ಎಂದ ಅವನು. ಇನ್ನೊಮ್ಮೆ ಹಾಕಿದ. ಒಂದೇ ಸಲ. ಮತ್ತೊಮ್ಮೆ ಹಾಕಿದ. ಆಗಲೂ ಒಂದೇ. ನಾಲಿಗೆಯ ತುದಿಗೆ ಬಂದ ಓ ಹಲ್ಲಿನ ಹಿಂದೆಯೇ ನಿಂತಿತು. ಇಪ್ಪತ್ತಾರು ವರ್ಷದ ಹಿಂದಿನ ನೊಣ ಎಲ್ಲೋ ಗುಂಯ್ ಎಂದಿತು.

ಕಿಟ್ಟನ್ನು ಕಿತ್ತು ಬಿಸ್ಕತ್ತಿನ ಡಬ್ಬಿ ಸಿಕ್ಕಿಸಿದ.

ಹಮ್ಮು ಹೋಯಿತು. ಎಷ್ಟು ಹೋಯಿತೆಂದರೆ, ಮನೆಯ ಗೋಡೆಗಳೂ ಜೊತೆಗೇ ಹೋದಂತಾಯಿತು. ಅವ್ವ ಉಸಿರೆಳೆದುಕೊಳ್ಳುವುದು, ಕಾಲ ಕೆಳಗೆ ಕುರಿಹಿಕ್ಕೆ ಜಜ್ಜಿಹೋಗುವುದು, ಕಂಬಳಿ ಸರಿಯುವುದು, ಎಲ್ಲವೂ ಮೊಳದಷ್ಟು ಹತ್ತಿರ. ಹಾಡು ಮುಗಿಯಿತು. ಗಂಟೆ ಅಲ್ಲಾಡಿತು. ಆಮೇಲೆ ಬಾವಿಯ ತಳದಿಂದ ಬಂದಂತೆ, ಸಣ್ಣಗೆ,

ಬೋರಾ.

ಕಡಲೆಕಾಯಿ ಸುಲಿಯುವ ಕೈ ನಿಂತಿತು. "ಈಗ ಕೇಳಿಸ್ತಾ?" ಎಂದಳು ಮಂಜಮ್ಮ, ಪಿಸುಮಾತಿನಲ್ಲಿ.

ಪ್ಲೇಟು ಒಂದು ಸುತ್ತು ತಿರುಗಿತು. "ಬೋರಾ!" ಇದು ಗಟ್ಟಿಯಾಗಿ, ಎದುರಿಗೇ.

ಎರಡು. ಅಷ್ಟೇ ಇರಬೇಕಿತ್ತು, ಹನುಮಂತರಾಯ ಹೇಳಿದ್ದು ಅಷ್ಟೇ. ಮೊದಲು ಬರುವ ದನಿಯ ಮಾತು ಹೇಳಿದ್ದನೇ ಹೊರತು, ಆಮೇಲೆ ಬರುವುದರ ಮಾತು ಹೇಳಿರಲಿಲ್ಲ. ಬೋರಣ್ಣ ಸೂಜಿಯನ್ನೇ ನೋಡುತ್ತಿದ್ದ. ಪ್ಲೇಟು ಮತ್ತೊಂದು ಸುತ್ತು ತಿರುಗಿತು.

ಬೋರಾ.

ದಣಿದ ದನಿ. ಕಾದೂ ಕಾದೂ ಸೋತವರು ಕೊನೆಗೊಮ್ಮೆ ಕೂಗಿ ನೋಡುವ ದನಿ.

"ಓ!" ಎಂದ ಬೋರಣ್ಣ. ಬಾಯಿಂದ ಬಂದದ್ದು ಮೂವತ್ತೈದು ವರ್ಷದ ಹಮಾಲಿಯ ದನಿಯಲ್ಲ. "ಓ ಅವ್ವಾ, ಇಲ್ಲೇ ಇದೀನಿ!"

ಸೂಜಿ ಮುಂದಿನ ಹಾಡಿಗೆ ಜಾರಿತು. ಅವನು ಕೈ ಚಾಚಿ ಅದನ್ನೆತ್ತಿದ. ಅಂದು ಮತ್ತೆ ಹಾಕಲಿಲ್ಲ. ಮಂಜಮ್ಮ ಮೊರವನ್ನು ಬದಿಗಿಟ್ಟು ಬಂದು ಅವನ ಪಕ್ಕ ಕೂತಳು. ಅವನು ಬಾವಿಯ ಕತೆ ಹೇಳಿದ, ಅಂಬಲಿಯಿಂದ ಶುರುಮಾಡಿ. ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ. "ಆ ಯಜಮಾನ ಬದುಕವ್ನಾ ಇನ್ನೂ?"

ಸೋಮವಾರ ಪ್ಲೇಟನ್ನೂ ಎರಡು ಡಬ್ಬಿಯನ್ನೂ ಹೊತ್ತು ಅಂಗಡಿಗೆ ಹೋದ. ಮೂರನೆಯ ಕೂಗಿನ ಮಾತು ಕೇಳಿ ಮುದುಕ ಹುಬ್ಬೇರಿಸಿದ. "ಹಿಂದಿನ ಸುತ್ತಿಂದೂ ಇಣುಕ್ತಂತಾ? ಇರಬಹುದು. ಹಾಕು ನೋಡಾನ."

ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದರು. ಹಾಡು ಮುಗಿಯಿತು, ಗಂಟೆ ಅಲ್ಲಾಡಿತು. ಕೂಗು ಇರಲಿಲ್ಲ. ಸಣ್ಣದೂ ಇಲ್ಲ, ಗಟ್ಟಿಯದೂ ಇಲ್ಲ. ಕಿಟ್ಟಿನಲ್ಲಿ ಹಾಕಿದರು. ಬರೀ ಹಮ್ಮು. ಮುದುಕನಿಗೆ ಹಟ ಹುಟ್ಟಿತು, ಜಪಾನಿ ಆಂಪ್ಲಿಫೈಯರಿಗೇ ಸಿಕ್ಕಿಸಿದ. ಹಾಡು ಮುಗಿದ ಮೇಲೆ ಕುರಿಯ ಗಂಟೆಯೊಂದು ದೂರ ದೂರ ಸರಿಯುತ್ತ ಹೋಯಿತು. ಮುಂಚೆ ಅದು ನಿಂತಲ್ಲೇ ಅಲ್ಲಾಡುತ್ತಿತ್ತು.

ಮುದುಕ ಪ್ಲೇಟನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಕಣ್ಣಿಗೊತ್ತಿ, ಎರಡು ಹಾಡಿನ ನಡುವಿನ ಗೆರೆಗಳನ್ನು ಬಹಳ ಹೊತ್ತು ನೋಡಿದ. ಭೂತಗನ್ನಡಿಯನ್ನು ಅಂಗಿಯ ತುದಿಗೆ ಒರೆಸಿ ಇನ್ನೊಮ್ಮೆ ನೋಡಿದ.

"ಲೇ ಬೋರ, ಗಂಟೆ ಆದ್ಮ್ಯಾಲೆ ಇಲ್ಲಿ ಏನೂ ಕೆತ್ತೇ ಇಲ್ವಲ್ಲೋ. ನುಣ್ಣಗೈತೆ. ಯಾವ ಕೂಗು ಕೇಳಿದ್ರಿ ನೀವು?"

ಬೋರಣ್ಣ ಕಿಟ್ಟನ್ನು ಮುದುಕನ ಕಡೆ ತಳ್ಳಿ, ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡ.

"ಇದು ನನಗಿರಲಿ. ಓಗೊಟ್ಟ ಮ್ಯಾಲೆ ಮತ್ಯಾಕೆ ಕೂಗ್ತಾಳೆ ಬಿಡಣ್ಣ," ಎಂದ.