ಅಕ್ಕನ ಎದುರು ಸೊಂಟದ ಮೂಳೆ

ಈ ಸಲವೂ ಫೇಲಾದರೆ ಲಿಸಿಯಾಟೆ ಗಂಟುಮೂಟೆ ಕಟ್ಟಿಕೊಂಡು ಟೋಂಗಾಕ್ಕೆ ವಾಪಸು ಹೋಗಬೇಕಿತ್ತು. ಸುವಾದ ಆ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆಯ ಮೌಖಿಕ ಪರೀಕ್ಷೆಗೆ ಎರಡೇ ಅವಕಾಶ. ಒಂದು ಆಗಲೇ ಕೈಜಾರಿತ್ತು. ಅತ್ತ ಟೋಂಗಾದ ನುಕುಅಲೋಫಾದಲ್ಲಿ ಅವನ ಅಪ್ಪ ಚರ್ಚಿನ ಬಾಗಿಲಲ್ಲಿ ಸಿಕ್ಕವರಿಗೆಲ್ಲ ಮಗ ಡಾಕ್ಟರೆಂದು ಸಾರಿ, ಮುದುಕಿಯರ ಮಂಡಿನೋವಿಗೆ ಅವನ ಹೆಸರಿನಲ್ಲಿ ಸಲಹೆ ಕೊಡುವುದನ್ನೂ ಶುರು ಮಾಡಿದ್ದ.

ಹೋದ ಸಲ ಕೈಕೊಟ್ಟಿದ್ದು ಸೊಂಟದ ಮೂಳೆ. ಹಾಗಾಗಿ ರೂಮಿನ ಜೊತೆಗಾರ ವೈಸಾಲೆ ಅದನ್ನೇ ಹಿಡಿದು ಅರೆದಿದ್ದ. "ಬಯ್ಯೋಕೆ ನಿಂತಿರೋ ನಿಮ್ಮತ್ತೆ ಥರ ಸೊಂಟದ ಮೇಲೆ ಕೈ ಇಡು. ಬೆರಳಿಗೆ ಸಿಕ್ತಾ? ಅದೇ ಇಲಿಯಂನ ಏಣು. ಕೂತಾಗ ಬೆಂಚಿಗೆ ಒತ್ತೋದು ಇಶಿಯಂನ ಗಂಟು. ಮುಂದೆ ಇರೋದು ಪ್ಯೂಬಿಸ್. ಹಿಂದಿನ ದೊಡ್ಡ ಕಚ್ಚಿಗೆ ಹೆಬ್ಬೆರಳು ಹಾಕು. ಸಲೀಸಾಗಿ ಆಡಿದ್ರೆ ಹೆಂಗಸಿಂದು, ಸಿಕ್ಕಾಕೊಂಡ್ರೆ ಗಂಡಸಿಂದು. ಇಷ್ಟೂ ಬರಲ್ಲ ಅಂದ್ರೆ ಊರಿಗೆ ಹೋಗಿ ಗೆಣಸು ನೆಡು, ಮಹರಾಯ."

ಲಿಸಿಯಾಟೆಗೆ ಎಲ್ಲವೂ ಬಂದಿತ್ತು. ಪರೀಕ್ಷೆಯ ದಿನ ಟೋಂಗಾದವರ ರೂಢಿಯಂತೆ ಮರ್ಯಾದೆಗೆಂದು ಸೊಂಟಕ್ಕೆ ಚಾಪೆ ಸುತ್ತಿ, ಹಗ್ಗ ಬಿಗಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಒಳಗೆ ಹೋದ. ಮೇಜಿನ ಹಿಂದೆ ಡಾಕ್ಟರ್ ಬಿಸುನ್ ಇದ್ದರು. ಅವರ ಪಕ್ಕದಲ್ಲಿ ಫುಸಿ ಕೂತಿದ್ದಳು.

ಫುಸಿ ಅವನ ದೊಡ್ಡಪ್ಪನ ಮಗಳು. ಅಂದರೆ ಅಕ್ಕ. ಬುದ್ಧಿ ಬಂದಾಗಿನಿಂದ ಅವರಿಬ್ಬರು ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡಿದವರಲ್ಲ. ಟೋಂಗಾದಲ್ಲಿ ಅಕ್ಕನ ಕಿವಿಗೆ ಬೀಳುವಂತೆ ತಮ್ಮನಾದವನು ಮೈಯ ಸುದ್ದಿ ಎತ್ತುವ ಹಾಗೇ ಇಲ್ಲ. ಡನೀಡಿನ್‌ನಲ್ಲಿ ಓದಿ ಬಂದು ಅವಳು ಇಲ್ಲಿ ಪಾಠ ಹೇಳತೊಡಗಿದಾಗಿನಿಂದ, ಕ್ಯಾಂಟೀನಿನಲ್ಲಿ ಅವಳು ಕಂಡರೆ ಇವನು ಕಚ್ಚಿದ ರೊಟ್ಟಿ ಕೈಯಲ್ಲಿ ಹಿಡಿದೇ ಹೊರಗೆ ನಡೆಯುತ್ತಿದ್ದ. ಇವತ್ತು ಬರಬೇಕಿದ್ದ ಪರೀಕ್ಷಕರಿಗೆ ಜ್ವರವಂತೆ.

ಬಿಸುನ್ ಮೂಳೆ ಕೊಟ್ಟರು. "ಎಡದ್ದೋ ಬಲದ್ದೋ?"

"ಬಲದ್ದು ಸರ್. ತೊಡೆಮೂಳೆ ಕೂರೋ ಬಟ್ಟಲು ಹೊರಗಡೆಗೆ ಬರುತ್ತೆ."

"ಇದು?"

"ಇಲಿಯಂ."

"ಇದು?" ಅವರ ಬೆರಳು ಕೆಳಗಿನ ಗಂಟಿಗೆ ಬಂದಿತ್ತು. ಲಿಸಿಯಾಟೆ ಕಿಟಕಿಯ ಕಡೆ ನೋಡಿದ. ಫುಸಿ ಮೇಜಿನ ಮರದ ಗೆರೆಗಳನ್ನು ಓದುತ್ತಿದ್ದಳು.

"ಸುಲಭ ಮಾಡ್ತೀನಿ ಕಣಯ್ಯ. ನೀನು ಯಾವುದರ ಮೇಲೆ ಕೂರ್ತೀಯ?"

"ಚಾಪೆ ಮೇಲೆ ಸರ್."

ಬಿಸುನ್ ಕನ್ನಡಕ ತೆಗೆದರು. "ಮುಂದೆ ಇರೋದನ್ನಾದ್ರೂ ಹೇಳು." ಅವನು ಚಾಪೆಯ ಹಗ್ಗ ಬಿಗಿದುಕೊಂಡ.

ಫುಸಿ ಎದ್ದಳು. "ಸರ್, ಅವನಿಗೆ ಗೊತ್ತಿದೆ. ನಾನಿರೋವರೆಗೆ ಹೇಳಲ್ಲ. ನಾನು ಅವನ ಅಕ್ಕ."

"ನೀವು ಹೊರಗೆ ಹೋದ್ರೆ ಪರೀಕ್ಷೆ ರದ್ದು. ಇಬ್ಬರು ಪರೀಕ್ಷಕರು ಕೋಣೇಲಿ ಇರಲೇಬೇಕು."

ಫುಸಿ ಕೋಣೆಯ ಸುತ್ತ ಕಣ್ಣಾಡಿಸಿದಳು. ಮೂಲೆಯಲ್ಲಿದ್ದ ಗಾಲಿಯ ಬಿಳಿ ಹಲಗೆಯನ್ನು ಎಳೆದು ಅದರ ಹಿಂದೆ ನಿಂತಳು. ಹಲಗೆಯ ಕೆಳಗೆ ಅವಳ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. "ಕೋಣೇಲೇ ಇದೀನಿ ಸರ್. ಕಿವಿ ಮುಚ್ಕೊಂಡಿದೀನಿ. ಮುಗಿದ ಮೇಲೆ ಹಲಗೆ ತಟ್ಟಿ."

ನಿಯಮವೂ ಉಳಿಯಿತು, ಮಾನವೂ ಉಳಿಯಿತು ಅಂದುಕೊಂಡು ಲಿಸಿಯಾಟೆ ಪಿಸುದನಿಯಲ್ಲಿ ಶುರುಮಾಡಿದ. ಇಶಿಯಂ, ಅದರ ಗಂಟು, ಅದರ ಮುಳ್ಳು, ಪ್ಯೂಬಿಸ್, ನಡುವಿನ ದೊಡ್ಡ ರಂಧ್ರ, ಒಂದನ್ನೂ ಬಿಡಲಿಲ್ಲ.

"ಕೊನೇದು. ಇದು ಗಂಡಸಿನ ಮೂಳೆಯೋ ಹೆಂಗಸಿನದೋ?"

ಅವನು ಕಚ್ಚಿಗೆ ಹೆಬ್ಬೆರಳು ಹಾಕಿದ. ತೊಟ್ಟಿಲಿನಲ್ಲಿ ಮಗು ಆಡಿದ ಹಾಗೆ ಅದು ಆಡಿತು. ಹೆಂಗಸಿನದು, ಅನುಮಾನವೇ ಇಲ್ಲ. ಆದರೆ ಹೆಂಗಸಿನದು ಅಂದುಬಿಟ್ಟರೆ, ಇಷ್ಟು ಹೊತ್ತು ತಾನು ಅಕ್ಕನ ಎದುರು ನಿಂತು ಯಾವಳದೋ ಸೊಂಟವನ್ನು ಸವರುತ್ತಿದ್ದೆನೆಂದು ಬಾಯಿಬಿಟ್ಟು ಒಪ್ಪಿಕೊಂಡಂತೆ. ಅವನು ಹಲಗೆಯ ಕೆಳಗೆ ನೋಡಿದ.

"ಗಂಡಸಿನದು, ಸರ್."

ಎಡಗಾಲಿನ ಚಪ್ಪಲಿ ನೆಲಕ್ಕೆ ಪಟ್ಟೆಂದು ಬಡಿಯಿತು. ಸೊಳ್ಳೆ ಕಚ್ಚಿತ್ತೋ ಏನೋ.

"ತಪ್ಪು," ಎಂದರು ಬಿಸುನ್, ಬೇಸರದಿಂದ. "ಮೊದಲು ಬಾಯೇ ಬಿಡಲಿಲ್ಲ, ಕೊನೆಗೆ ಇದು. ನನ್ನ ಅಂಕದಲ್ಲಿ ನೀನು ಪಾಸಾಗಲ್ಲ." ಎದ್ದು ಹೋಗಿ ಹಲಗೆ ತಟ್ಟಿದರು. "ಮೇಡಂ, ನಿಮ್ಮ ಅಂಕ?"

"ನಾನು ಏನೂ ಕೇಳಿಸ್ಕೊಂಡಿಲ್ಲ ಸರ್. ಅಂಕ ಕೊಡ್ಬೇಕಾದ್ರೆ ನಾನೇ ಒಂದು ಪ್ರಶ್ನೆ ಕೇಳ್ಬೇಕಾಗುತ್ತೆ. ಚಾಪೆಯ ಹಗ್ಗ ಕಟ್ಟೋ ಆ ಏಣಿನ ತುದಿ ಬೆನ್ನಿನ ಯಾವ ಮೂಳೆಯ ಮಟ್ಟಕ್ಕೆ ಬರುತ್ತೆ ಅಂತ ಅವನನ್ನ ಕೇಳಿ."

"ಸೊಂಟದ ನಾಲ್ಕನೇ ಕಶೇರುಮಣಿ ಅಂತ ಅವರಿಗೆ ಹೇಳಿ ಸರ್," ಎಂದ ಲಿಸಿಯಾಟೆ ನೆಲ ನೋಡುತ್ತ.

ಇಬ್ಬರ ನಡುವೆ ನಿಂತ ಬಿಸುನ್ ಒಮ್ಮೆ ಅವನನ್ನು, ಒಮ್ಮೆ ಹಲಗೆಯನ್ನು ನೋಡಿದರು.

"ಪೂರ್ತಿ ಅಂಕ," ಎಂದಿತು ಹಲಗೆ. ಎರಡನ್ನೂ ಕೂಡಿ ಭಾಗಿಸಿದಾಗ ಲಿಸಿಯಾಟೆ ಪಾಸಾಗಿದ್ದ.

ಹೊರಗೆ, ನಡೆದದ್ದನ್ನೆಲ್ಲ ಅವನ ಬಾಯಿಂದ ಕೇಳಿ ವೈಸಾಲೆ ಬೆನ್ನಿಗೆ ಗುದ್ದಿದ. "ಹೆಂಗಸಿಂದನ್ನ ಗಂಡಸಿಂದು ಅಂದೂ ಪಾಸಾದ್ಯಾ? ನಿಮ್ಮಕ್ಕ ಕೇಳಿಸ್ಕೊಂಡೇ ಬಿಟ್ಳು ಕಣೋ!"

"ಕಿವಿ ಮುಚ್ಕೊಂಡಿದ್ಳು."

"ಹೋಗಿ ಕೇಳು ಹಾಗಾದ್ರೆ."

"ಏನಂತ ಕೇಳ್ಲಿ?"

ಅಷ್ಟರಲ್ಲಿ ಫುಸಿ ಬಾಗಿಲಿನಿಂದ ಹೊರಬಂದಳು. ಲಿಸಿಯಾಟೆ ಗೋಡೆಯ ಕಡೆ ತಿರುಗಿ ನಿಂತ. ಅವಳು ಅವನನ್ನು ಕಾಣದವಳಂತೆ ಮೆಟ್ಟಿಲಿಳಿದು ಹೋದಳು. ಆಮೇಲೆ ಅವನು ಅಪ್ಪನಿಗೆ ಫೋನು ಮಾಡಿ, ಪಾಸಾದೆ ಎಂದ.

"ಗೊತ್ತಿತ್ತು ಬಿಡು," ಎಂದ ಅಪ್ಪ. "ಫುಸಿ ಆಗಲೇ ಫೋನ್ ಮಾಡಿದ್ಲು. ಅವಳಿಗೆ ಥ್ಯಾಂಕ್ಸ್ ಹೇಳಿದ್ಯಾ?"